ಹದಿಮೂರನೇ ಗೀಟು

ಬಹಳ ಹಿಂದೆ, ಬೆಟ್ಟಗಳೆಲ್ಲ ಇನ್ನೂ ಅಂಬೆಗಾಲಿಡ್ತಿದ್ದ ಕಾಲದಲ್ಲಿ, ಗರಿಗೆರೆ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ನವಣೆ ತೆನೆ ಎಷ್ಟು ಉದ್ದ ಅಂದ್ರೆ, ತುದಿಗೆ ಬಿದ್ದ ಮಳೆಹನಿ ಬುಡಕ್ಕೆ ಇಳಿಯೋ ಹೊತ್ತಿಗೆ ಬೇಸಿಗೆ ಬಂದಿರ್ತಿತ್ತು. ಅಷ್ಟು ತೆನೆ ಇದ್ದಮೇಲೆ ಹಕ್ಕಿ ಬರದೆ ಇರ್ತಾವಾ? ಹಕ್ಕಿ ಓಡಿಸೋಕೆ ಅಂತ ಊರೂರಿಗೂ ಕವಣೆಯವರು ಇದ್ರು. ಹಗ್ಗದ ಮಡಿಲಲ್ಲಿ ಕಲ್ಲಿಟ್ಟು, ತಲೆ ಮೇಲೆ ಗಿರ್ರನೆ ಬೀಸಿ, ಒಂದು ಎಳೆ ಬಿಟ್ರೆ ಸಾಕು, ಕಲ್ಲು ಸುಂಯ್ ಅಂತ ಹೊರಡ್ತಿತ್ತು.

ಅಂಥ ಕವಣೆಯವರಲ್ಲಿ ದ್ಯಾವಿ ಅನ್ನೋಳು ಒಬ್ಬಳು. ಅವಳು ಹಕ್ಕಿಗೆ ಹೊಡೀತಿರಲಿಲ್ಲ, ಹಕ್ಕಿ ಕೊಕ್ಕಲ್ಲಿದ್ದ ಕಾಳಿಗೆ ಹೊಡೀತಿದ್ಲು. ಹತ್ತು ಕಲ್ಲಲ್ಲಿ ಮೂರು ಸಲ ಕಾಳು ಹಾರೋದು. ಉಳಿದ ಏಳು ಸಲ ಪಕ್ಕದೂರಿನ ಹೆಂಚು ಹಾರೋದು.

ಅವಳ ಗಂಡ ಜವರ. ಚಿನ್ನದಂಥ ಮನುಷ್ಯ, ಒಂದೇ ಒಂದು ಚಾಳಿ. ತಟ್ಟೆ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟ ಅಂದ್ರೆ ಸಾಕು, "ಉಪ್ಪು ಕಮ್ಮಿ" ಅಂತಿದ್ದ. ಹಿಡಿ ತುಂಬ ಉಪ್ಪು ಸುರಿದಿದ್ರೂ ಅಷ್ಟೆ. ದ್ಯಾವಿ ಒಂದು ದಿನ ಬರೀ ಉಪ್ಪನ್ನೇ ಬಡಿಸಿದ್ಲು. ನೆಕ್ಕಿ ನೋಡಿ, "ಇದಕ್ಕೂ ಇನ್ನೊಂಚೂರು ಬೇಕಿತ್ತು" ಅಂದನಂತೆ.

ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಗಂಟುಬಿದ್ದಿದ್ದ, ಬೂದಿಮಲ್ಲ ಅಂತ. ಅವನ ಹೆಗಲಲ್ಲಿ ಯಾವಾಗಲೂ ಒಂದು ಚೀಲ ಮಂಕುಬೂದಿ. ಪ್ರತಿ ಯುಗಾದಿಗೂ ತನ್ನ ಕೋಟೆಯಲ್ಲಿ ಊಟ ಹಾಕಿಸ್ತಿದ್ದ. ಊಟ ಅಂದ್ರೆ ಬಿಸಿನೀರಲ್ಲಿ ಕದಡಿದ ಸುಣ್ಣದ ಕಲ್ಲು. ಆದ್ರೆ ಅದಕ್ಕೆ ಮುಂಚೆ ಎಲ್ಲರ ಮೇಲೂ ಒಂದು ಹಿಡಿ ಮಂಕುಬೂದಿ ಎರಚ್ತಿದ್ದ. ಬೂದಿ ಬಿದ್ದ ಮಂದಿ "ಆಹಾ! ಅಮೃತ!" ಅಂತ ಚಪ್ಪರಿಸಿ, ವರ್ಷದ ಬೆಳೆಯೆಲ್ಲ ತಂದು ಅವನ ಕಾಲಡಿ ಸುರೀತಿದ್ರು. ಎಲ್ಲರಿಗಿಂತ ಜೋರಾಗಿ ಚಪ್ಪರಿಸ್ತಿದ್ದೋನು ರಾಜ.

ಒಂದು ಯುಗಾದಿಗೆ ಜವರನೂ ಊಟಕ್ಕೆ ಕೂತ. ಬೂದಿ ಅವನ ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು, ನಾಲಿಗೆಗೆ ಮಾತ್ರ ಹತ್ತಲಿಲ್ಲ. ಸಾವಿರಾರು ಜನ "ಆಹಾ" ಅಂತಿರೋವಾಗ ಇವನೊಬ್ಬ ಗಟ್ಟಿಯಾಗಿ ಅಂದ, "ಉಪ್ಪು ಕಮ್ಮಿ!"

ಬೂದಿಮಲ್ಲನ ಮುಖ ಕಪ್ಪಿಟ್ಟಿತು. "ಕೂಗೋ ನಾಲಿಗೆಯೇನ್ಲಾ ನಿಂದು? ಹಂಗಾದ್ರೆ ಕೂಗ್ಕೊಂಡೇ ಇರು!" ಅಂತ ಕೈ ಬೀಸಿದ. ಜವರ ಕೂತ ಜಾಗದಲ್ಲಿ ಒಂದು ಕೆಂಪು ಹುಂಜ ನಿಂತಿತ್ತು.

ದ್ಯಾವಿ ಓಡಿಬಂದು ಮಾಂತ್ರಿಕನ ಗಡ್ಡ ಹಿಡ್ಕೊಂಡ್ಲು. ಮಾಂತ್ರಿಕರ ಕುಲಕ್ಕೆ ಒಂದು ಕಟ್ಟಳೆ ಉಂಟು. ಶಾಪ ಕೊಟ್ಟೋನು ಬಿಡುಗಡೆ ದಾರೀನೂ ಹೇಳಬೇಕು, ಹೇಳದಿದ್ರೆ ಗಡ್ಡ ಉದುರಿಹೋಗುತ್ತೆ. ಬೂದಿಮಲ್ಲನಿಗೆ ಪ್ರಾಣಕ್ಕಿಂತ ಗಡ್ಡ ಹೆಚ್ಚು.

"ಬಿಡವ್ವ, ಬಿಡು, ಹೇಳ್ತೀನಿ! ಕೋಟೆ ತುದೀಲಿ ಆ ಕಂಬ ನೋಡು. ಅದರಲ್ಲಿ ಒಂದೇ ಒಂದು ಗೆಜ್ಜೆ ತೂಗ್ತಾ ಇದೆ, ಹುಣಸೆ ಬೀಜದಷ್ಟು. ನನ್ನ ಮಾಯೆಯೆಲ್ಲ ಅದರೊಳಗೆ. ಬರೋ ಯುಗಾದಿಗೆ ಬಾ. ಇನ್ನೂರು ಮಾರು ದೂರ, ಮೂರು ಕಲ್ಲು. ಒಡೆದ್ರೆ ನಿನ್ನ ಗಂಡ ನಿನಗೆ. ಒಡೀದಿದ್ರೆ ಮಾರನೇ ದಿನ ಕೋಳಿ ಸಾರು ನನಗೆ."

"ಅಷ್ಟೇನಾ?"

"ಇನ್ನೊಂದಿದೆ. ಆ ಗೆಜ್ಜೆ ಗುರಿ ಇಡೋರ ಎದೆ ಹೆಂಗೆ ಬಡ್ಕೊಳ್ಳುತ್ತೋ ಹಂಗೇ ಕುಣಿಯುತ್ತೆ. ಆಮೇಲೆ ನಿನ್ನ ಹುಂಜ ಈಗ ಮಾತಾಡುತ್ತೆ. ಅಮಾವಾಸ್ಯೆಗೊಂದಿಷ್ಟು ಮಾತು ಉದುರುತ್ತೆ. ಎಲ್ಲ ಉದುರಿದ ದಿನ ತಾನು ಮನುಷ್ಯ ಆಗಿದ್ದೆ ಅನ್ನೋದೂ ಅದಕ್ಕೆ ಮರೆತುಹೋಗುತ್ತೆ. ಹೋಗಿ ಬಾ!"

ದ್ಯಾವಿ ಹುಂಜನ್ನ ಕಂಕುಳಲ್ಲಿ ಇಟ್ಕೊಂಡು ಹೊರಟ್ಲು.

"ಲೇ, ನಿಧಾನ ಕಣೆ, ಪುಕ್ಕ ಮುರೀತೀಯ!" ಅಂತು ಹುಂಜ.

"ಸುಮ್ಕಿರು. ಒಂದು ದಿನ ಬಾಯಿ ಮುಚ್ಕೊಂಡು ಉಣ್ಣೋಕೆ ಆಗಲಿಲ್ವಾ ನಿನಗೆ?"

"ಏನೇ, ಗಂಡನಿಗೆ ಏಕವಚನ?"

"ಹುಂಜಕ್ಕೆ ಯಾರಾದ್ರೂ 'ರೀ' ಅಂತಾರಾ?"

ಮೂರು ಗಳಿಗೆ ನಡೆದು ಅವರು ಮುದ್ದಜ್ಜಿ ಅಟ್ಟಣೆಗೆ ಬಂದ್ರು. ಆಲದ ಮರದಷ್ಟು ಎತ್ತರದ ಆ ಅಟ್ಟಣೆಯಿಂದ ಮುದ್ದಜ್ಜಿ ನಲವತ್ತು ವರ್ಷದಿಂದ ಕೆಳಗಿಳಿದಿರಲಿಲ್ಲ. ಅಲ್ಲಿಂದಲೇ ಕವಣೆ ಬೀಸಿ ಮಾವಿನಹಣ್ಣು ಉದುರಿಸೋಳು, ಅಲ್ಲಿಂದಲೇ ಬಿಂದಿಗೆ ಇಳಿಬಿಟ್ಟು ನೀರು ಸೇದೋಳು. ಅವಳ ಪಕ್ಕದ ಗೂಟದ ಮೇಲೆ ಒಂದು ಮುದಿ ಗೂಬೆ ತೂಕಡಿಸ್ತಾ ಕೂತಿರ್ತಿತ್ತು.

ದ್ಯಾವಿ ಎಲ್ಲಾನೂ ಹೇಳಿದ್ಲು. "ಅಜ್ಜಿ, ಇವತ್ತೇ ಶುರು ಮಾಡ್ತೀನಿ. ದಿನಕ್ಕೆ ಸಾವಿರ ಕಲ್ಲು ಬೀಸ್ತೀನಿ. ಕಲಿಸಿಕೊಡು."

ಅಜ್ಜಿ ಎಲೆ ಅಡಿಕೆ ಉಗಿದು, "ಗೆಜ್ಜೆ ಯಾವತ್ತು ಹೊಡೀಬೇಕು?" ಅಂದ್ಲು.

"ಬರೋ ಯುಗಾದಿಗೆ."

"ಹಂಗಾದ್ರೆ ಇವತ್ತು ಯಾಕೆ ಹೊಡೀತೀಯ? ಅಲ್ಲಿ ಕೆಮ್ಮಣ್ಣಿದೆ. ಬಂಡೆ ಮೇಲೆ ಹನ್ನೆರಡು ಗೀಟು ಎಳಿ. ಗೀಟಿಗೊಂದು ತಿಂಗಳು. ಹಣ್ಣು ಮಾಗೋದು ಒಂದೇ ದಿನ ಕಣವ್ವ. ಆ ದಿನ ಯುಗಾದಿ ಆಗ್ಬೇಕು, ಅಷ್ಟೇ ಯೋಚನೆ. ಮೊದಲ ನಾಲ್ಕು ಗೀಟು ಕಾಲಿಗೆ. ಆಮೇಲಿನ ನಾಲ್ಕು ಕೈಗೆ. ಆಮೇಲಿನ ಮೂರು ಎದೆಗೆ."

"ಕೊನೇ ಗೀಟು?"

"ಅದು ತಿನ್ನೋಕೆ, ಮಲಗೋಕೆ. ಕಡೇಲಿ ಕೈ ಆರಬೇಕು. ಬಿಸಿ ಮುದ್ದೆ ಯಾರಾದ್ರೂ ನುಂಗ್ತಾರಾ?"

ಹುಂಜ ತಲೆ ಅಲ್ಲಾಡಿಸಿ, "ಈಯಮ್ಮ ಸರಿಯಾಗಿ ಹೇಳ್ತಾಳೆ ಕಣೆ" ಅಂತು.

ಅಜ್ಜಿ ಹೊಲದಲ್ಲಿ ಒಂದು ಬಂಡೆಯಾಮೆ ಇತ್ತು, ಕಣಜದಷ್ಟು ದೊಡ್ಡದು. ಬೆಳಗಾದ್ರೆ ನಡೆಯೋಕೆ ಹೊರಟು ಸಂಜೆಗೆ ನಿಲ್ತಿತ್ತು. ಅದರ ಬೆನ್ನ ಮೇಲೆ, ತಲೇಲಿ ತುಂಬಿದ ಕೊಡ ಹೊತ್ತು ನಿಲ್ಲಬೇಕು, ಒಂದು ತೊಟ್ಟೂ ಚೆಲ್ಲಬಾರದು. ಕವಣೆ ಮುಟ್ಟೋ ಹಾಗಿಲ್ಲ. ಮೊದಲ ದಿನ ದ್ಯಾವಿ ಚೆಲ್ಲಿದ ನೀರಿಗೆ ಹೊಲದಲ್ಲಿ ಕೆರೆಯೇ ಆಯ್ತು, ಅದರಲ್ಲಿ ಮೀನೂ ಬಂದವು.

"ಅಜ್ಜಿ, ನಾನು ಕಲ್ಲು ಹೊಡೆಯೋಕೆ ಬಂದೋಳು, ನೀರು ಹೊರೋಕಲ್ಲ!"

"ನಿನ್ನ ಏಳು ಕಲ್ಲು ಪಕ್ಕದೂರಿಗೆ ಹೋಗೋದು ಕೈಯಿಂದಲ್ಲ ಕಣೆ, ಕಾಲಿಂದ. ಬೇರು ಅಲ್ಲಾಡಿದ್ರೆ ಕೊಂಬೆ ನಿಲ್ಲುತ್ತಾ?"

ಒಂದು ತಿಂಗಳಿಗೆ ಕೊಡ ಅರ್ಧ ಉಳಿಯಿತು. ಎರಡು ತಿಂಗಳಿಗೆ ಮುಕ್ಕಾಲು. ನಾಲ್ಕನೇ ತಿಂಗಳ ಕೊನೇಲಿ ಆಮೆ ಹಳ್ಳ ದಾಟಿತು, ದಿಬ್ಬ ಹತ್ತಿತು, ಒಂದು ಸಲ ಸೀನಿತು ಕೂಡ. ಒಂದು ತೊಟ್ಟೂ ಚೆಲ್ಲಲಿಲ್ಲ. ಅಜ್ಜಿ ಮೇಲಿಂದಲೇ ನಾಲ್ಕು ಗೀಟು ಅಳಿಸೋಕೆ ಹೇಳಿದ್ಲು. ಅಷ್ಟರಲ್ಲಿ ಹುಂಜದ ಬಾಯಿಂದ ಊರಿನ ಹೆಸರು, ನೆಂಟರ ಹೆಸರು, ಬೈಗುಳ ಎಲ್ಲ ಉದುರಿಹೋಗಿದ್ವು. ಬೈಗುಳ ಹೋಗಿದ್ದಕ್ಕೆ ದ್ಯಾವಿ ಅಷ್ಟೇನೂ ಬೇಜಾರು ಮಾಡ್ಕೊಳ್ಳಲಿಲ್ಲ.

ಆಮೇಲೆ ಕೈಯ ಸರದಿ. ಅಜ್ಜಿ ಎರಡು ತಲೆಯ ಕೋತಿಯೊಂದನ್ನ ಕರೆದು ಇನ್ನೂರು ಮಾರು ದೂರದ ಮರದಲ್ಲಿ ಕೂರಿಸಿದ್ಲು. ಒಂದು ತಲೆ ಕಲ್ಲು ಹಿಡಿಯೋಕೆ, ಇನ್ನೊಂದು ಬೈಯೋಕೆ.

"ಅದರ ಅಂಗೈಗೆ ಹೊಡಿ. ಮೊದಲ ತಿಂಗಳು ದಿನಕ್ಕೆ ಇಪ್ಪತ್ತು ಕಲ್ಲು. ಎರಡನೇದು ನಲವತ್ತು. ಮೂರನೇದು ಅರವತ್ತು. ನಾಲ್ಕನೇದು ಮತ್ತೆ ಮೂವತ್ತು."

"ಇಳಿಸೋದು ಯಾಕಜ್ಜಿ?"

"ಬಾವಿಯಿಂದ ನೀರು ಸೇದಿದ ಮೇಲೆ ಒರತೆಗೆ ಹೊತ್ತು ಕೊಡಲ್ವಾ? ಸೋಮವಾರ ಎತ್ತಿಗೆ ನೊಗ ಕಟ್ಟಲ್ಲ ತಾನೇ. ನಿನ್ನ ಕೈಗೂ ಸೋಮವಾರ ರಜೆ. ಹರಳೆಣ್ಣೆ ತಿಕ್ಕಿ ಕೂತ್ಕೋ."

ಮೊದಮೊದಲು ಕೋತಿ ಕಲ್ಲು ಹಿಡಿಯೋಕೆ ಕೊಂಬೆಯಿಂದ ಕೊಂಬೆಗೆ ನೆಗೀಬೇಕಿತ್ತು. "ಏನಮ್ಮಾ, ಮದುವೆ ಅಕ್ಕಿಕಾಳು ಎರಚ್ತಿದೀಯಾ?" ಅಂತಿತ್ತು ಎರಡನೇ ತಲೆ. ಎರಡನೇ ತಿಂಗಳಿಗೆ ಕೂತಲ್ಲೇ ಕೈ ಚಾಚಿ ಹಿಡೀತು. ನಾಲ್ಕನೇ ತಿಂಗಳ ಕೊನೆಗೆ ಅಂಗೈ ಬಿಡಿಸಿಟ್ಟು ನಿದ್ದೆ ಹೊಡೀತು. ಮೂವತ್ತಕ್ಕೆ ಮೂವತ್ತು ಕಲ್ಲೂ ಆ ಅಂಗೈಯಲ್ಲೇ ಗೋಪುರದ ಹಾಗೆ ನಿಂತ್ವು. ಅಜ್ಜಿ ಮತ್ತೆ ನಾಲ್ಕು ಗೀಟು ಅಳಿಸೋಕೆ ಹೇಳಿದ್ಲು.

ಮೂರನೇದು ಎದೆ. ಅಜ್ಜಿ ಹೊಲದಾಚೆ ಒಂದು ಎದೆಗೊಳ ಇತ್ತು. ಅದರ ದಡದಲ್ಲಿ ಯಾರು ಕೂತ್ರೂ ಅವರ ಎದೆ ಬಡಿದ ಹಾಗೆ ನೀರಲ್ಲಿ ಅಲೆ ಏಳ್ತಿತ್ತು. ದ್ಯಾವಿ ಕೂತಾಗ ನೀರು ಕುದಿಯೋ ಎಸರಿನ ಹಾಗೆ ಕೊತಕೊತ ಅಂತು. ಯಾಕಂದ್ರೆ ಆವತ್ತೇ ಬೆಳಗ್ಗೆ ಹುಂಜ ಅವಳನ್ನ ನೋಡಿ, "ನಿನ್ನ ಹೆಸರು ಏನೋ ಇತ್ತಲ್ಲ?" ಅಂದಿತ್ತು.

"ಅಲೆ ನಿಲ್ಲಿಸು" ಅಂತ ಅಟ್ಟಣೆಯಿಂದಲೇ ಕೂಗಿದ್ಲು ಅಜ್ಜಿ.

"ಎದೆ ನಿಂತ್ರೆ ಸಾಯ್ತೀನಲ್ಲಜ್ಜಿ!"

"ನಿಲ್ಲಿಸೋದು ಬೇಡ. ಎರಡು ಅಲೆ ಮಧ್ಯೆ ಒಂದು ಗಳಿಗೆ ನೀರು ಸಪಾಟಾಗುತ್ತೆ, ಅದನ್ನ ನೋಡು. ಉಸಿರು ಬಿಟ್ಟು, ಇನ್ನೊಂದು ತಗೊಳ್ಳೋ ಮುಂಚೆ ಒಂದು ಖಾಲಿ ಜಾಗ ಇದೆ. ಕಲ್ಲು ಹೋಗಬೇಕಾದ್ದು ಆ ಜಾಗದಲ್ಲಿ."

ಮೂರು ತಿಂಗಳು ದ್ಯಾವಿ ಆ ಖಾಲಿ ಜಾಗ ಹುಡುಕ್ತಾ ಕೂತ್ಲು. ಕೊನೆಗೊಂದು ಬೆಳಗ್ಗೆ ಕೊಳ ಕನ್ನಡಿ ಹಾಗಾಯ್ತು. ಅದರಲ್ಲಿ ಅವಳ ಮುಖ ಕಂಡಿತು, ಪಕ್ಕದಲ್ಲಿ ಹುಂಜದ ಮುಖಾನೂ ಕಂಡಿತು.

ಹನ್ನೆರಡನೇ ಗೀಟಲ್ಲಿ ಅಜ್ಜಿ ಹೇಳಿದ ಹಾಗೆ ಉಂಡ್ಲು, ಮಲಗಿದ್ಲು, ದಿನಕ್ಕೆ ಐದೇ ಕಲ್ಲು ಬೀಸಿದ್ಲು. ಕೈ ಹೂವಿನ ಹಾಗೆ ಹಗುರ, ಕಣ್ಣು ಹದ್ದಿನ ಹಾಗೆ ಚೂಪು. ಹನ್ನೆರಡನೇ ಅಮಾವಾಸ್ಯೆ ಕಳೀತು. ಹುಂಜದ ಹತ್ರ ಉಳಿದಿದ್ದು ಎರಡೇ ಮಾತು, ಯಾವುದೂಂತ ನಿಮಗೇ ಗೊತ್ತು. ದ್ಯಾವಿ ಹುಂಜನ್ನ ಎತ್ತಿಕೊಂಡು ಕೋಟೆ ಬಾಗಿಲಿಗೆ ಹೋದ್ಲು.

ಬಾಗಿಲು ಮುಚ್ಚಿತ್ತು. ತೋರಣ ಇಲ್ಲ, ಬೇವು ಬೆಲ್ಲ ಇಲ್ಲ. ಬಾಗಿಲು ಕಾಯೋನು ಕಡ್ಡಿಯಿಂದ ಹಲ್ಲು ಕೆದಕ್ತಾ ಕೂತಿದ್ದ.

"ಏನವ್ವ, ಇಷ್ಟು ಬೇಗ?"

"ಬೇಗ ಏನಣ್ಣ, ಇವತ್ತು ಯುಗಾದಿ ಅಲ್ವಾ? ಹನ್ನೆರಡು ಅಮಾವಾಸ್ಯೆ ಎಣಿಸ್ಕೊಂಡು ಬಂದಿದೀನಿ."

ಅವನು ಹೊಟ್ಟೆ ಹಿಡ್ಕೊಂಡು ನಕ್ಕ. "ಈ ವರ್ಷ ಅಧಿಕ ಮಾಸ ಬಂದಿತ್ತಲ್ಲವ್ವ! ಹದಿಮೂರು ತಿಂಗಳ ವರ್ಷ ಇದು. ಪಂಚಾಂಗ ಕೇಳಲಿಲ್ವಾ? ಯುಗಾದಿಗೆ ಇನ್ನೂ ಪೂರ್ತಿ ಒಂದು ತಿಂಗಳಿದೆ."

ಕೋಟೆ ಮೇಲಿಂದ ಬೂದಿಮಲ್ಲನ ದನಿ ಬಂತು. "ನಾನು ಬರೋ ಯುಗಾದಿ ಅಂದೆ. ಹನ್ನೆರಡು ತಿಂಗಳು ಅಂದ್ನಾ? ಹಣ್ಣು ಇವತ್ತು ಮಾಗಿದೆ, ಒಂದು ತಿಂಗಳು ಬಿಟ್ಟು ಬಾ, ಕೊಳೆತಿರುತ್ತೆ! ಹಹ್ಹಹ್ಹಾ!"

ಅಟ್ಟಣೆ ಮೇಲೆ ನಲವತ್ತು ವರ್ಷ ಕೂತೋಳಿಗೆ ಅಧಿಕ ಮಾಸ ಎಲ್ಲಿ ನೆನಪಿರಬೇಕು? ದ್ಯಾವಿಗೆ ಹಬ್ಬ ಹರಿದಿನದ ಲೆಕ್ಕ ತಪ್ಪಿ ವರ್ಷವೇ ಆಗಿತ್ತು. ವಾಪಸ್ ಬಂದು ಹೇಳಿದ್ದೇ ತಡ, ಅಜ್ಜಿ ಹಣೆ ಬಡ್ಕೊಂಡ್ಲು. "ನನ್ನ ತಪ್ಪು ಕಣವ್ವ. ಈಗ ಒಂದೇ ದಾರಿ. ಅಧಿಕ ಮಾಸದಲ್ಲಿ ಯಾರಾದ್ರೂ ಮದುವೆ ಮುಂಜಿ ಮಾಡ್ತಾರಾ? ಇಲ್ಲ. ಹೆಚ್ಚಿಗೆ ಬಂದ ತಿಂಗಳು ಸುಮ್ಮನಿರೋಕೆ. ನೀನೂ ಸುಮ್ಮನಿರು."

ಸುಮ್ಮನಿರೋದು ಅಷ್ಟು ಸುಲಭನಾ? ಹುಂಜ ಅಂಗಳದಲ್ಲಿ ಹುಳ ಕೆದಕ್ತಾ ಇರೋದು ನೋಡಿದಾಗೆಲ್ಲ ದ್ಯಾವಿಗೆ ಕೈ ತುರಿಸೋದು. ಆಮೆಯ ಬೆನ್ನೇರಿದ್ದಕ್ಕಿಂತ, ಕೊಳದ ದಡದಲ್ಲಿ ಕೂತಿದ್ದಕ್ಕಿಂತ ಇದು ಸಾವಿರ ಪಾಲು ಕಷ್ಟ. ಮಾರನೇ ಬೆಳಗ್ಗೆ ಅಜ್ಜಿ ಏಳೋದಕ್ಕೆ ಮುಂಚೆ ಕದ್ದು ಹೋಗಿ ಮುನ್ನೂರು ಕಲ್ಲು ಬೀಸಿದ್ಲು. ಅದರ ಮಾರನೇ ದಿನ ನಾನೂರು. ಐದನೇ ದಿನ ಕೋತಿಯ ಎರಡೂ ತಲೆ ಒಟ್ಟಿಗೆ ಕಿರುಚಿದ್ವು. "ಅಮ್ಮಾ, ಇದು ಅಂಗೈ ಅಲ್ಲ, ನನ್ನ ಮೂಗು!"

ಆರನೇ ದಿನ ದ್ಯಾವಿ ಕೈ ಮೇಲೇಳಲೇ ಇಲ್ಲ. ಹೆಗಲು ಕುಂಬಳಕಾಯಿ ಹಾಗೆ ಊದಿತ್ತು.

ಅಜ್ಜಿ ಬೈಯಲಿಲ್ಲ. ಗೂಟದ ಮೇಲಿನ ಗೂಬೆ ತಲೆ ಸವರಿ, "ಇವರು ಯಾರು ಗೊತ್ತಾ?" ಅಂದ್ಲು. "ನನ್ನ ಯಜಮಾನರು. ನಲವತ್ತು ವರ್ಷದ ಹಿಂದೆ ಆ ಬೂದಿಮಲ್ಲನಿಗೆ 'ನಿನ್ನ ಗಡ್ಡದಲ್ಲಿ ಹೇನಿದೆ' ಅಂದಿದ್ರು. ನಾನೂ ವರ್ಷ ಪೂರ್ತಿ ಬೀಸಿದೆ, ಒಂದು ದಿನಾನೂ ಬಿಡದೆ. ಯುಗಾದಿ ದಿನ ಹೋಗಿ ನಿಂತ್ರೆ ಕೈಯೇ ಬರಲಿಲ್ಲ. ಗೂಬೆ ಸಾರು ಯಾರು ಉಣ್ತಾರೆ ಅಂತ ಇವರನ್ನ ಬಿಟ್ಟುಬಿಟ್ಟ. ಆವತ್ತು ಈ ಅಟ್ಟಣೆ ಹತ್ತಿದೋಳು, ಮುಖ ತೋರಿಸೋಕಾಗದೆ ಇಲ್ಲೇ ಕೂತೆ."

ದ್ಯಾವಿ ಎದ್ದು ಬಂಡೆ ಹತ್ರ ಹೋದ್ಲು. ಆಮೇಲೆ ಎಡಗೈಲಿ ಕೆಮ್ಮಣ್ಣು ತಗೊಂಡು ಬಂಡೆ ಮೇಲೆ ಹದಿಮೂರನೇ ಗೀಟು ಎಳೆದ್ಲು. ಸೊಟ್ಟಗಿತ್ತು, ಆದ್ರೂ ಗೀಟೇ.

"ಎಷ್ಟು ದಿನ ಉಳಿದಿದೆ ಅಜ್ಜಿ?"

"ಇಪ್ಪತ್ನಾಲ್ಕು."

"ಹತ್ತು ದಿನ ಕೈ ಮಲಗಲಿ. ಹತ್ತು ದಿನ ಅಂಬೆಗಾಲಿಡಲಿ, ದಿನಕ್ಕೆ ಹತ್ತೇ ಕಲ್ಲು. ಉಳಿದ ನಾಲ್ಕು ದಿನ ಆಟ ಆಡಲಿ."

ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. "ಈಗ ನೀನೇ ಅಜ್ಜಿ ಆದೆ ಕಣೆ."

ಹತ್ತು ದಿನ ದ್ಯಾವಿ ಹರಳೆಣ್ಣೆ ಹಚ್ಚಿಸ್ಕೊಂಡು, ಹುಂಜದ ಜೊತೆ ಚೌಕಾಬಾರ ಆಡಿದ್ಲು. ಹುಂಜ ಕವಡೆಯನ್ನ ಕಾಳು ಅಂತ ನುಂಗಿಬಿಡ್ತು. ಊತ ಇಳೀತು. ಇನ್ನು ಹತ್ತು ದಿನದಲ್ಲಿ ಕಲ್ಲು ಮೂಗಿಂದ ಅಂಗೈಗೆ ವಾಪಸ್ ಬಂತು. ಕೊನೇ ನಾಲ್ಕು ದಿನ ಮೋಡಕ್ಕೆ ಕಲ್ಲೆಸೆದು ಮಳೆ ಉದುರಿಸೋ ಆಟ ಆಡಿದ್ರು. ಮೂರು ಹನಿ ಬಿದ್ದಿದ್ದಂತೂ ನಿಜ.

ಹದಿಮೂರನೇ ಅಮಾವಾಸ್ಯೆ ಕಳೆದು ಯುಗಾದಿ ಬಂತು. ಕೋಟೆ ಮುಂದೆ ರಾಜ್ಯವೇ ಸೇರಿತ್ತು, ಎಲೆ ಹಾಕಿ ಸುಣ್ಣದ ನೀರು ಬಡಿಸಿದ್ರು, ರಾಜ "ಆಹಾ" ಅನ್ನೋಕೆ ಬಾಯಿ ತೆರೆದು ಕೂತಿದ್ದ. ದ್ಯಾವಿ ಹುಂಜನ್ನ ಪಕ್ಕಕ್ಕಿಟ್ಟು, ಇನ್ನೂರು ಮಾರಿನ ಗೆರೆ ಮೇಲೆ ನಿಂತ್ಲು.

ಮೊದಲನೇ ಕಲ್ಲು. ಬೂದಿಮಲ್ಲ ಕಾಲು ಕುಟ್ಟಿದ, ನೆಲ ಉಯ್ಯಾಲೆ ಹಾಗೆ ತೂಗಿತು. ದ್ಯಾವಿ ಕಾಲು ಕದಲಲಿಲ್ಲ. ಆಮೆ ಬೆನ್ನಿಗಿಂತ ಇದೇನು ಹೆಚ್ಚು? ಅಷ್ಟರಲ್ಲಿ ಅವನು ಒಂದು ಹಿಡಿ ಬೂದಿ ಎರಚಿದ. ಒಂದು ಗೆಜ್ಜೆ ಎರಡಾಯ್ತು. ಕಲ್ಲು ನೆಟ್ಟಗೆ ಹೋಗಿ ಒಂದಕ್ಕೆ ಬಡಿಯಿತು. ಅದು ಪುಸ್ ಅಂತ ಬೂದಿಯಾಗಿ ಉದುರಿತು. ಅಸಲಿ ಗೆಜ್ಜೆ ಹಂಗೇ ತೂಗ್ತಿತ್ತು.

ಎರಡನೇ ಕಲ್ಲು. ಬೂದಿಮಲ್ಲ ಸುಂಟರಗಾಳಿ ಬಿಟ್ಟ. ದ್ಯಾವಿ ಕೈ ಗಾಳಿಗೆ ಬಗ್ಗಲಿಲ್ಲ, ಕಲ್ಲೂ ಬಗ್ಗಲಿಲ್ಲ. ಆದ್ರೆ "ಇದೂ ತಪ್ಪಿದ್ರೆ?" ಅಂತ ಅವಳ ಎದೆ ಒಂದೇ ಒಂದು ಸಲ ಧಡ್ ಅಂತು. ಗೆಜ್ಜೆ ಅಷ್ಟೇ ಅಗಲ ಪಕ್ಕಕ್ಕೆ ಹಾರಿತು. ಕಲ್ಲು ಕೂದಲೆಳೆಯಲ್ಲಿ ತಪ್ಪಿತು.

"ಒಲೆ ಹಚ್ರೋ!" ಅಂದ ಬೂದಿಮಲ್ಲ. "ಮಸಾಲೆ ಅರೀರಿ!"

ಮೂರನೇ ಕಲ್ಲು. ದ್ಯಾವಿ ಎದೆ ನಗಾರಿ ಆಗಿತ್ತು, ಗೆಜ್ಜೆ ಹುಚ್ಚೆದ್ದು ಕುಣೀತಿತ್ತು. ಅವಳು ಕೊಳ ನೆನೆಸ್ಕೊಂಡ್ಲು, ಬರಲಿಲ್ಲ. ಖಾಲಿ ಜಾಗ ಹುಡುಕಿದ್ಲು, ಸಿಗಲಿಲ್ಲ. ಆಗ ಪಕ್ಕದಲ್ಲಿದ್ದ ಹುಂಜ ಕುಪ್ಪಳಿಸ್ತಾ ಹೋಗಿ, ಯಾರದೋ ಎಲೆಯಲ್ಲಿ ಬಡಿಸಿದ್ದ ಸುಣ್ಣದ ನೀರಿಗೆ ಕೊಕ್ಕು ಅದ್ದಿತು. ತಲೆ ಮೇಲೆತ್ತಿ, ಕತ್ತು ಉದ್ದ ಮಾಡಿ, ಇದ್ದ ಉಸಿರೆಲ್ಲ ಸೇರಿಸಿ, ಉಳಿದಿದ್ದ ಒಂದೇ ಮಾತು ಅಂತು.

"ಉಪ್ಪು...!"

ಇನ್ನೊಂದು ಮಾತು ಬರಲಿಲ್ಲ. ಅದು ನಿನ್ನೆಯ ಅಮಾವಾಸ್ಯೆಗೆ ಉದುರಿತ್ತು. ಹುಂಜ ಬಾಯಿ ತೆರ್ಕೊಂಡು, ಏನೋ ಮರೆತೋನ ಹಾಗೆ ದ್ಯಾವಿ ಮುಖ ನೋಡಿತು.

"ಕಮ್ಮಿ ಕಣೋ, ಕಮ್ಮಿ!" ಅಂದ್ಲು ದ್ಯಾವಿ. ಅಂದೋಳಿಗೆ ಎಲ್ಲಿತ್ತೋ ನಗು, ಉಕ್ಕಿ ಬಂತು. ಕುತ್ತಿಗೆಗೆ ಕತ್ತಿ ಬಂದಾಗಲೂ ಸಾರಿನ ರುಚಿ ನೋಡ್ತಾನಲ್ಲ ಇವನು! ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಳು. ನಕ್ಕು ನಕ್ಕು ಒಳಗಿದ್ದ ಉಸಿರೆಲ್ಲ ಖಾಲಿಯಾಯ್ತು. ಇನ್ನೊಂದು ಉಸಿರು ತಗೊಳ್ಳೋ ಮುಂಚೆ ಅಲ್ಲಿತ್ತು ಆ ಜಾಗ, ಕನ್ನಡಿ ಹಾಗೆ ಸಪಾಟಾಗಿ. ಕಂಬದ ಮೇಲೆ ಗೆಜ್ಜೆ ನಿಂತುಬಿಟ್ಟಿತು.

ಸುಂಯ್.

ಠಣ್ ಅಂತ ಒಂದೇ ಸದ್ದು. ಗೆಜ್ಜೆ ಎರಡು ಹೋಳು. ಬೂದಿಮಲ್ಲನ ಚೀಲ ತಾನೇ ಹರಿದು ಬೂದಿಯೆಲ್ಲ ಅವನ ತಲೆ ಮೇಲೇ ಸುರೀತು. ಎಲ್ಲರ ಕಣ್ಣಿಂದ ಮಂಕು ಇಳೀತು. ರಾಜ ಬಾಯಲ್ಲಿದ್ದ ತುತ್ತನ್ನ "ಥೂ!" ಅಂತ ಉಗಿದ. "ಏನಯ್ಯಾ ಇದು? ಉಪ್ಪೇ ಇಲ್ಲ!" ಹಿಂದೆಯೇ ಇಡೀ ರಾಜ್ಯ ಕೂಗಿತು, "ಉಪ್ಪು ಕಮ್ಮಿ! ಉಪ್ಪು ಕಮ್ಮಿ!" ಆ ಕೂಗಿಗೆ ಕೋಟೆ ಗೋಡೆ ಉದುರಿತು, ಮಾಂತ್ರಿಕನ ಗಡ್ಡಾನೂ ಉದುರಿತು. ಬೂದಿ ಬಿದ್ದ ಬೂದಿಮಲ್ಲ ಮಾತ್ರ ಆ ಸುಣ್ಣದ ನೀರನ್ನ ಸೊರಸೊರ ಕುಡಿದು, "ಆಹಾ! ಅಮೃತ!" ಅಂತಾ ಕೂತಿದ್ದ. ಅವತ್ತಿಂದ ಅವನಿಗೆ ಅದೇ ಊಟ, ಅದೇ ಸಂತೋಷ.

ಹುಂಜ ಇದ್ದ ಜಾಗದಲ್ಲಿ ಜವರ ನಿಂತಿದ್ದ, ತಲೇಲಿ ಎರಡು ಪುಕ್ಕ ಮಾತ್ರ ಉಳ್ಕೊಂಡಿತ್ತು. ಅತ್ತ ಅಟ್ಟಣೆ ಮೇಲಿನ ಗೂಟದಲ್ಲಿ ಒಬ್ಬ ಮುದುಕಪ್ಪ ಕಣ್ಣು ಪಿಳಿಪಿಳಿ ಬಿಡ್ತಾ ಕೂತಿದ್ದ. ಮುದ್ದಜ್ಜಿ ಅವನ ಕೈ ಹಿಡ್ಕೊಂಡು ನಲವತ್ತು ವರ್ಷದ ಮೇಲೆ ಕೆಳಗಿಳಿದು ಬಂದ್ಲು. ಪಾಪ, ಆ ಯಜಮಾನ ಹಗಲೆಲ್ಲ ನಿದ್ದೆ ಮಾಡೋ ಅಭ್ಯಾಸ ಮಾತ್ರ ಸಾಯೋತನಕ ಬಿಡಲಿಲ್ಲ.

ಆವತ್ತು ಮಧ್ಯಾಹ್ನ ದ್ಯಾವಿ ತಾನೇ ಅಡುಗೆ ಮಾಡಿ ಎಲ್ಲರಿಗೂ ಬಡಿಸಿದ್ಲು. ಜವರ ಮೊದಲ ತುತ್ತು ಬಾಯಿಗಿಟ್ಟ. ಇಡೀ ರಾಜ್ಯ ಉಸಿರು ಹಿಡಿದು ನೋಡ್ತು. ಅವನು ಬಹಳ ಹೊತ್ತು ಅಗಿದ, ನುಂಗಿದ.

"ಉಪ್ಪು ಸರಿಯಾಗಿದೆ ಕಣೆ" ಅಂದ.

ದ್ಯಾವಿ ಸೆರಗಲ್ಲಿ ಕಣ್ಣೊರೆಸ್ಕೊಂಡು, "ಹಂಗಾದ್ರೆ ಇನ್ನೊಂದು ಮುದ್ದೆ ತಿನ್ನು" ಅಂದ್ಲು.

"ಇನ್ನೂ ಏಕವಚನನಾ? ಈಗ ನಾನು ಹುಂಜ ಅಲ್ವಲ್ಲೇ!"

"ತಲೇಲಿ ಎರಡು ಪುಕ್ಕ ಇದೆ. ಅದು ಉದುರಲಿ, ಆಮೇಲೆ ನೋಡೋಣ."

ಆ ಪುಕ್ಕ ಉದುರಲೇ ಇಲ್ಲ. ಬಂಡೆ ಮೇಲಿನ ಹದಿಮೂರನೇ ಗೀಟನ್ನೂ ಯಾರೂ ಅಳಿಸಲಿಲ್ಲ. ಗರಿಗೆರೆಯ ಕವಣೆಯವರು ಆಮೇಲೆ ವರ್ಷಕ್ಕೊಂದು ಸಲ ಆ ಬಂಡೆ ಹತ್ರ ಬಂದು ತಮ್ಮ ಗೀಟು ಎಳೀತಿದ್ರು, ಎಳೆಯೋಕೆ ಮುಂಚೆ ಪಂಚಾಂಗದವರನ್ನ ಕೇಳ್ತಿದ್ರು. ಎಲ್ಲರೂ ಹೊಟ್ಟೆ ತುಂಬ ಉಂಡು, ಸೋಮವಾರ ಸುಮ್ಮನೆ ಕೂತು, ಸುಖವಾಗಿದ್ರು. ಅವರ ಸಾರಿಗೆ ಉಪ್ಪು, ನಮ್ಮ ಕತೆಗೆ ಮುಪ್ಪು.